18 ಸಾವಿರದ ಮೊರ

ಎರಡು ವರ್ಷದ ಹಿಂದೆ ಯುಗಾದಿಗೆ ಅಕ್ಕನ ಮಗ ತನ್ನ ಬೈಕಿಗೆ ಮುಂದಿನ ಮಡ್‌ಗಾರ್ಡ್ ತರಿಸಿದ. ಇದ್ದದ್ದು ಮುರಿದಿರಲಿಲ್ಲ. ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಅದು ಬರೀ ಪ್ಲಾಸ್ಟಿಕ್. ಹೊಸದು ಕಾರ್ಬನ್ ಫೈಬರ್. ಬೆಲೆ 18 ಸಾವಿರ. ಮನೆಯಲ್ಲಿ 8 ಸಾವಿರ ಅಂದಿದ್ದ. ಬಿಲ್ಲು ನನ್ನ ಕಣ್ಣಿಗೆ ಬಿದ್ದದ್ದು ಆಮೇಲೆ.

ಸುತ್ತಿದ್ದ ಪ್ಲಾಸ್ಟಿಕ್ಕನ್ನೆಲ್ಲ ಬಿಚ್ಚಿ, ತೊಟ್ಟಿಲಿಂದ ಮಗು ಎತ್ತುವ ಹಾಗೆ ಎತ್ತಿದ. ಅಕ್ಕ ಅಡುಗೆಮನೆಯಿಂದ ಬಂದು, ಸೆರಗಲ್ಲಿ ಕೈ ಒರೆಸಿಕೊಂಡು ಬಗ್ಗಿ ನೋಡಿದಳು.

"ಮೊರ ಇದ್ದ ಹಾಗಿದೆಯಲ್ಲೋ."

"ಅಮ್ಮಾ, ಇದು ಟೂ ಬೈ ಟೂ ಟ್ವಿಲ್. ತ್ರೀ ಕೆ."

"ಎಂಥದೋ. ಬಿದಿರು ಹೆಣೆದು, ಮೇಲೆ ಮೆಂತ್ಯ ಕಾಗದ ರುಬ್ಬಿ ಬಳೀತೀವಲ್ಲ, ಹಾಗೇ ಇದೆ."

ಕಾರ್ಬನ್ ಫೈಬರ್ ಅಂದರೆ ಏನು ಅಂತ ಇಷ್ಟು ಚೆನ್ನಾಗಿ ನನಗೆ ಇದುವರೆಗೆ ಯಾರೂ ಹೇಳಿರಲಿಲ್ಲ. ತಲೆಕೂದಲಿಗಿಂತ ಹತ್ತು ಪಟ್ಟು ತೆಳ್ಳಗಿನ ಇಂಗಾಲದ ಎಳೆಗಳು. ಅಂಥ 3000 ಎಳೆ ಸೇರಿದರೆ ಒಂದು ಹುರಿ. ಅದೇ ತ್ರೀ ಕೆ. ಆ ಹುರಿಗಳನ್ನು ಎರಡರ ಮೇಲೆ, ಎರಡರ ಕೆಳಗೆ ಹಾಯಿಸಿ ನೇಯ್ದರೆ ಓರೆ ಓರೆ ಗೆರೆಯ ಬಟ್ಟೆ. ಅದಕ್ಕೆ ಎಪಾಕ್ಸಿ ಅಂಟು ಕುಡಿಸಿ, ಅಚ್ಚಿನಲ್ಲಿ ಕೂರಿಸಿ, ಗಟ್ಟಿ ಮಾಡುತ್ತಾರೆ. ಹೊಳಪಿಗೆ ಮೇಲೊಂದು ಕ್ಲಿಯರ್ ಕೋಟ್. ಬಿದಿರು, ಮೆಂತ್ಯ, ಮುಗೀತು.

"ಆದ್ರೆ ಹಗುರ ಮಾವ! ಎಷ್ಟು ಹಗುರ ಗೊತ್ತಾ?"

ಗೊತ್ತಿರಲಿಲ್ಲ. ಅಕ್ಕನ ಅಡುಗೆಮನೆಯ ತಕ್ಕಡಿ ತಂದೆ. ಹಳೇದು 620 ಗ್ರಾಂ. ಹೊಸದು 390. ಉಳಿದದ್ದು 230 ಗ್ರಾಂ. ಚಿನ್ನ, ಬೆಳ್ಳಿಯನ್ನು ಗ್ರಾಂ ಲೆಕ್ಕದಲ್ಲಿ ಕೊಳ್ಳುವವರನ್ನು ನೋಡಿದ್ದೇನೆ. ಇಲ್ಲದ ತೂಕವನ್ನು ಗ್ರಾಮಿಗೆ 78 ರೂಪಾಯಿ ಕೊಟ್ಟು ಕೊಂಡವನನ್ನು ನೋಡಿದ್ದು ಅವತ್ತೇ ಮೊದಲು. ಅದೇ ಬೈಕಿಗೆ ಉಕ್ಕಿನ ಲೆಗ್ ಗಾರ್ಡ್ ಇದೆ. ಅಕ್ಕ ಹಿಂದೆ ಕೂರುತ್ತಾಳೆ ಅಂತ ಸೀರೆ ಗಾರ್ಡೂ ಇದೆ. ತಿಂಗಳಿಗೊಮ್ಮೆ ಟ್ಯಾಂಕಿನ ಮೇಲೆ 25 ಕೆಜಿ ಸೋನಾ ಮಸೂರಿ ಮೂಟೆ ಬರುತ್ತದೆ. ಅದರ ಹಿಂದೆ ಇವನ ಹೊಟ್ಟೆ. ಅದರ ತೂಕ ಇಲ್ಲಿ ಬೇಡ, ಅವನು ಇದನ್ನು ಓದುತ್ತಾನೆ.

ಅಷ್ಟು ದುಡ್ಡಿಲ್ಲದವರು ಬೇಜಾರು ಮಾಡಿಕೊಳ್ಳಬೇಕಾಗಿಲ್ಲ. ಅವರಿಗೆಂದೇ ಸ್ಟಿಕ್ಕರ್ ಇದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಕಡೆ ಹೋಗಿ 'ಕಾರ್ಬನ್ ಫಿನಿಷ್' ಅಂದರೆ ಸಾಕು, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ. ಬೈಕ್ ಲೋಕದ ಒಂದು ಗ್ರಾಂ ಗೋಲ್ಡ್ ಅದು. ಕನ್ನಡಿಗೆ, ಟ್ಯಾಂಕಿಗೆ, ಸ್ಕೂಟರಿನ ಡಿಕ್ಕಿ ಮುಚ್ಚಳಕ್ಕೆ, ಆಟೋದ ಮೀಟರಿಗೆ, ಎಲ್ಲಕ್ಕೂ ಅಂಟಿಸಿದ್ದಾರೆ. ಮೊನ್ನೆ ಒಂದು ಮದುವೆಯಲ್ಲಿ ಫೋಟೋದವನ ಲ್ಯಾಪ್‌ಟಾಪಿಗೂ ಅದೇ ಚಾಪೆ. ತಮಾಷೆ ಏನೆಂದರೆ, ಬೈಕ್ ಇಷ್ಟು ಹಗುರ ಅಂತ ತೋರಿಸುವ ಗುರುತನ್ನು ಅಂಟಿಸಿದ್ದಕ್ಕೆ ಬೈಕ್ ಇನ್ನೊಂದಿಷ್ಟು ಭಾರವಾಗುತ್ತದೆ.

ಕಾರ್ಬನ್ ಫೈಬರ್ ನಿಜವಾಗಿ ಎಲ್ಲಿ ಬೇಕೋ ಅಲ್ಲಿ ಅದು ಕಾಣುವುದೇ ಇಲ್ಲ. ತೇಜಸ್ ಯುದ್ಧವಿಮಾನ ನಮ್ಮ ಬೆಂಗಳೂರಿನದೇ. 2001ರ ಜನವರಿ 4ರಂದು ಮೊದಲು ಹಾರಿದ್ದೂ ಇಲ್ಲಿಂದಲೇ. ಅದರ ಒಡಲಿನ ತೂಕದಲ್ಲಿ ಶೇಕಡಾ 45ರಷ್ಟು ಇಂಥ ಕಾರ್ಬನ್ ವಸ್ತುವೇ. ಹೋಗಿ ನೋಡಿ, ಒಂದು ಗೆರೆ ನೇಯ್ಗೆ ಕಾಣುತ್ತಾ? ಮೈತುಂಬ ಬೂದು ಬಣ್ಣ ಬಳಿದು ಸುಮ್ನೆ ನಿಲ್ಲಿಸಿದ್ದಾರೆ. ವಿಮಾನಕ್ಕೆ ಪಾಪ, ಸಿಗ್ನಲ್ಲಲ್ಲಿ ಪಕ್ಕದವನು ನೋಡಲಿ ಅನ್ನುವ ಆಸೆ ಇಲ್ಲ. ಬಣ್ಣ ಬಳಿದದ್ದರಿಂದ ಒಳಗಿನ ಅಂಟಿಗೆ ಬಿಸಿಲೂ ತಾಗುವುದಿಲ್ಲ.

ನಮ್ಮವನ ಕಷ್ಟ ಶುರುವಾದದ್ದು ಅಲ್ಲೇ. ಬಿಸಿಲು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರದಲ್ಲಿದೆ. ಗಾಳಿ ತಂಪು, ಬಿಸಿಲು ಚುರುಕು. ಇಂಗಾಲದ ಎಳೆಗೆ ಬಿಸಿಲು ಏನೂ ಮಾಡುವುದಿಲ್ಲ. ಕೆಡುವುದು ಅಂಟು. ಮೇಲಿನ ಕ್ಲಿಯರ್ ಕೋಟಿನಲ್ಲಿ ಯುವಿ ಕಿರಣ ತಡೆಯುವ ಮದ್ದು ಇರುತ್ತದೆ. ಅದು ಇರುವಷ್ಟು ದಿನ ಹೊಳಪು. ಆಮೇಲೆ ಎಪಾಕ್ಸಿ ಹಳದಿಗೆ ತಿರುಗುತ್ತದೆ. ಕಪ್ಪಿನ ಮೇಲೆ ಹಳದಿ ಹಳದಿಯಾಗಿ ಕಾಣುವುದಿಲ್ಲ, ಎರಡನೇ ಸಲ ಇಳಿಸಿದ ಡಿಕಾಕ್ಷನ್ ಥರ ಕಾಣುತ್ತದೆ.

ಯಾರೋ ಇದನ್ನು ಅವನ ಕಿವಿಗೆ ಹಾಕಿದರು. ಅವತ್ತಿನಿಂದ ನಮ್ಮ ಬೀದಿಯ ಹೊಂಗೆ ಮರದ ನೆರಳು ಬೈಕಿನದಾಯಿತು. ಅಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ ಎದುರುಮನೆ ಅಜ್ಜ ಬಿಸಿಲಿಗೆ ಸರಿದರು. "ತಾತ, ಯುವಿ ಜಾಸ್ತಿ ಇದೆ, ಅದಕ್ಕೆ ನೆರಳಲ್ಲಿ ನಿಲ್ಲಿಸಿದೆ" ಅಂದ. "ನನಗೂ ಕ್ಲಿಯರ್ ಕೋಟ್ ಹೊಡೆಸಪ್ಪ" ಅಂದರು ಅಜ್ಜ. ಅವರ ಮೊಮ್ಮಗನದ್ದೂ ಇಂಥದೇ ಬೈಕ್, ಭಾಷೆ ಗೊತ್ತು.

ನೆರಳಿದ್ದ ಕಡೆ ಮರ, ಮರ ಇದ್ದ ಕಡೆ ಕಾಗೆ. ಕಾಗೆ ಹಿಕ್ಕೆ ಒಣಗಿ ಕೂತರೆ ಕ್ಲಿಯರ್ ಕೋಟನ್ನೇ ತಿನ್ನುತ್ತದೆ. ಅದಕ್ಕೆ ಕವರ್ ಬಂತು. ಕವರಿನ ಒಳಗೆ ಧೂಳು, ಹೊರಗೆ ಗಾಳಿ. ರಾತ್ರಿಯೆಲ್ಲ ಪಟಪಟ ಹೊಡೆದುಕೊಂಡು ಸಣ್ಣ ಸಣ್ಣ ಗೀರು. ಗೀರು ಮರೆಸಲು ಪಾಲಿಶ್. ಪಾಲಿಶ್ ಹಾಕಿ ಉಜ್ಜಿದಷ್ಟೂ ಕೋಟ್ ಸವೆಯುತ್ತದೆ. ಟ್ಯಾಂಕಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ ಕಾರ್ಬನ್, ತಗೊಂಡ ಅವನ ಗೆಳೆಯನ ಪಾಡು ಇನ್ನೊಂದು ಥರ. ಅದಕ್ಕೆ ಪಾಲಿಶ್ ಹಾಕುವಂತೆಯೇ ಇಲ್ಲ, ಆದರೂ ಮೊಣಕಾಲು ತಾಗುವ ಕಡೆ ಪ್ಯಾಂಟ್ ಉಜ್ಜಿ ಉಜ್ಜಿ ಎರಡು ರೂಪಾಯಿ ಬಿಲ್ಲೆಯಷ್ಟಗಲ ಮಿರಮಿರ ಅನ್ನುತ್ತಿದೆ. ಅಲ್ಲಿ ಕೈ ಅಡ್ಡ ಇಟ್ಟೇ ಫೋಟೋ ತೆಗೆಸಿಕೊಳ್ಳುತ್ತಾನೆ.

ಎರಡು ಬೇಸಿಗೆ ಕಳೆಯಿತು. ಮಡ್‌ಗಾರ್ಡಿನ ನೆತ್ತಿ ಮಂಕಾಯಿತು, ಬೆಳ್ಳಗೆ ಮಂಜು ಕಟ್ಟಿದ ಹಾಗೆ. ಮೊದಲ ಮಳೆಗೆ ಆ ಮಂಜು ಮಾಯವಾಗಿ, ಒಣಗಿದ ಮೇಲೆ ಮತ್ತೆ ಬಂತು. ಚೆಂದಕ್ಕೆ ಅಂತ ಹಾಕಿಸಿದ್ದ ನೀಲಿ ಅಲ್ಯುಮಿನಿಯಂ ಬೋಲ್ಟುಗಳ ಸುತ್ತ ಬಿಳಿ ಪುಡಿ. ಕಾರ್ಬನ್ನಿಗೂ ಅಲ್ಯುಮಿನಿಯಮ್ಮಿಗೂ ನೀರು ತಾಗಿದರೆ ಆಗಿಬರುವುದಿಲ್ಲ. ಅತ್ತೆ ಸೊಸೆ ಇದ್ದ ಹಾಗೆ. ಸವೆಯುವುದು ಮಾತ್ರ ಯಾವಾಗಲೂ ಅಲ್ಯುಮಿನಿಯಮ್ಮೇ.

ಪೇಂಟರ್ ಹತ್ತಿರ ನಾನೂ ಹೋಗಿದ್ದೆ. ಆತ ಉಗುರಿಂದ ಕೆರೆದು ನೋಡಿದ. "ಮೇಲಿನ ಕೋಟ್ ಮಾತ್ರ ಹೋಗಿದ್ರೆ ವಾಟರ್ ಪೇಪರ್ ಹಾಕಿ ಉಜ್ಜಿ ಹೊಸ ಕ್ಲಿಯರ್ ಹೊಡೀತೀನಿ ಸಾರ್. ಒಳಗಿನ ಅಂಟೇ ಹಳದಿ ಆಗಿದ್ರೆ ಅದು ಹೋಗಲ್ಲ. ಜಾಸ್ತಿ ಉಜ್ಜಿದ್ರೆ ನೇಯ್ಗೆನೇ ಕಿತ್ತು ಬರತ್ತೆ." ಐದು ಸಾವಿರ ಅಂದ. ಗ್ಯಾರಂಟಿ ಕೇಳಿದ್ದಕ್ಕೆ ಆಕಾಶ ತೋರಿಸಿದ.

ಮನೆಗೆ ಬಂದರೆ ಅಕ್ಕ ಗೌರಿ ಹಬ್ಬಕ್ಕೆ ಅಂತ ಅಟ್ಟದಿಂದ ಹಳೇ ಮೊರ ಇಳಿಸಿದ್ದಳು. ಮೆಂತ್ಯ ಬಿರುಕು ಬಿಟ್ಟಿತ್ತು. ರುಬ್ಬಿ ಬಳಿದು ಬಿಸಿಲಿಗೆ ಇಟ್ಟಳು. ಅದಕ್ಕೆ ಬಿಸಿಲೇ ಬೇಕು.

ಹಬ್ಬದ ಮಾರನೇ ದಿನ ನೋಡುತ್ತೇನೆ, ಮಡ್‌ಗಾರ್ಡ್ ಫಳಫಳ ಅನ್ನುತ್ತಿದೆ. ಹೊಸ ನೇಯ್ಗೆ, ಹೊಸ ಹೊಳಪು. ಹತ್ತಿರ ಹೋದರೆ ತುದಿಯಲ್ಲಿ ಒಂದು ಗಾಳಿಗುಳ್ಳೆ. ಸ್ಟಿಕ್ಕರ್. 350 ರೂಪಾಯಿ. ಕಾರ್ಬನ್ ಮೇಲೆ ಕಾರ್ಬನ್ ಚಿತ್ರ.

ಅಷ್ಟರಲ್ಲಿ ಎದುರುಮನೆ ಅಜ್ಜನ ಮೊಮ್ಮಗ ಬಂದು ಬಗ್ಗಿ ನೋಡಿದ. "ಅಣ್ಣಾ, ಒರಿಜಿನಲ್ಲಾ?"

ನಮ್ಮವನು ನನ್ನ ಮುಖ ನೋಡಿದ. ಸುಳ್ಳು ಹೇಳುವ ಹುಡುಗ ಅಲ್ಲ.

"ಒಳಗಡೆ ಒರಿಜಿನಲ್" ಅಂದ.