ಪ್ರೆಸ್ ನೋಟಲ್ಲಿ ಸೊನ್ನೆ, ಊರಲ್ಲಿ ಸೂತಕ

ಪೇಪರ್ ನೋಡಿ ಮೈ ಉರಿದು ಹೋಯಿತು. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ನಿಯಂತ್ರಣದಲ್ಲಿದೆಯಂತೆ. ಜನ ಹೆದರಬೇಕಾಗಿಲ್ಲವಂತೆ. ನಮ್ಮ ಕಡೆ ಈ ಸೀಸನ್‌ನಲ್ಲಿ ಸಾವು ಸೊನ್ನೆಯಂತೆ. ನಮ್ಮ ಮೇಲಿನ ಮನೆಯ ಹೆಂಗಸು ತೀರಿಕೊಂಡು ಇನ್ನೂ ಹನ್ನೊಂದರ ಕಾರ್ಯ ಕೂಡ ಆಗಿಲ್ಲ. ಹಾಗಾದರೆ ಅವರು ಸತ್ತದ್ದು ಯಾವುದರಿಂದ? ದೃಷ್ಟಿ ತಾಗಿ?

ಕೇಳಿದರೆ ಉತ್ತರ ರೆಡಿ ಇದೆ. ವರದಿ ನೆಗೆಟಿವ್. ಮಾತು ಮುಗಿಯಿತು.

ಈ ನೆಗೆಟಿವ್ ಹೇಗೆ ಬಂತು ಅಂತ ಹೇಳುತ್ತೇನೆ ಕೇಳಿ. ಅವರು ಸೊಪ್ಪಿನ ಬೆಟ್ಟದ ಕಾಡಿಗೆ ದರಗು, ಅಂದರೆ ಉದುರಿದ ಒಣ ಎಲೆ, ತರಲು ಹೋಗುತ್ತಿದ್ದರು. ಈ ತಿಂಗಳಲ್ಲಿ ದರಗು ಗುಡಿಸದ ಮನೆ ನಮ್ಮ ಮಲೆನಾಡಲ್ಲಿ ಎಷ್ಟಿವೆ? ಕೊಟ್ಟಿಗೆಗೂ ಬೇಕು, ತೋಟಕ್ಕೂ ಬೇಕು. ಇದ್ದಕ್ಕಿದ್ದಂತೆ ಜ್ವರ ಬಂತು. ತಲೆನೋವು, ವಾಂತಿ, ಮೈ ಮುಟ್ಟಲು ಬಿಡದಷ್ಟು ನೋವು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋದರು. ಡಾಕ್ಟರ್ ರಜೆ. ಇದ್ದವರು ಪ್ಯಾರಾಸಿಟಮಾಲ್ ಕೊಟ್ಟು ಕಳಿಸಿದರು. ರಕ್ತ ತೆಗೆಯಲಿಲ್ಲ. ಸ್ಯಾಂಪಲ್ ಒಯ್ಯುವ ಗಾಡಿ ಅವತ್ತು ಬರುವುದಿಲ್ಲವಂತೆ, ಇಟ್ಟರೆ ಹಾಳಾಗುತ್ತದಂತೆ. ಜ್ವರ ಇಳಿಯಿತು, ಎಲ್ಲರೂ ಉಸ್ಸಪ್ಪ ಅಂದರು. ಆಮೇಲೆ ಮತ್ತೆ ಏರಿತು. ಈ ಕಾಯಿಲೆಯ ಚಾಳಿಯೇ ಅದು. ಕೆಲವರಿಗೆ ಒಮ್ಮೆ ಬಿಟ್ಟ ಹಾಗೆ ಮಾಡಿ, ಒಂದೆರಡು ವಾರ ಕಳೆದು ತಿರುಗಿ ಬಂದು ಮಿದುಳಿಗೇ ಹೊಡೆಯುತ್ತದೆ. ಮಾತು ತೊದಲಿತು, ಕೈ ನಡುಗಿತು, ಮಕ್ಕಳ ಗುರುತೇ ಸಿಗಲಿಲ್ಲ. ಆಗ ಘಾಟಿ ಇಳಿದು ದೊಡ್ಡ ಆಸ್ಪತ್ರೆಗೆ ಓಡಿದ್ದು. ಅಲ್ಲಿ ರಕ್ತ ತೆಗೆದು ಆರ್‌ಟಿಪಿಸಿಆರ್ ಮಾಡಿದರು. ನೆಗೆಟಿವ್ ಬಂತು.

ಇನ್ನೇನು ಬರಬೇಕಿತ್ತು? ವೈರಸ್ ರಕ್ತದಲ್ಲಿ ಚೆನ್ನಾಗಿ ಸಿಗೋದು ಜ್ವರ ಶುರುವಾದ ಮೊದಲ ವಾರದ ಆಸುಪಾಸಿನಲ್ಲಿ. ಪಿಸಿಆರ್ ಹಿಡಿಯೋದು ಆಗ ತೆಗೆದ ರಕ್ತದಲ್ಲಿ. ದಿನ ಕಳೆದ ಮೇಲೆ ಹುಡುಕಬೇಕಾದ್ದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ತಯಾರಿಸಿದ ಪ್ರತಿಕಾಯವನ್ನು. ಅದಕ್ಕೆ ಐಜಿಎಂ ಎಲೈಸಾ ಅಂತ ಬೇರೆ ಪರೀಕ್ಷೆ ಇದೆ. ಇದೇನು ದೊಡ್ಡ ಗುಟ್ಟಲ್ಲ. ಕೊರೊನಾ ಬಂದು ಹೋದ ಮೇಲೆ ನಮ್ಮೂರಿನ ಅಡಿಕೆ ಸುಲಿಯುವ ಹೆಂಗಸರಿಗೂ ಪಿಸಿಆರ್ ಅಂದರೆ ಏನು ಅಂತ ಗೊತ್ತು. ಆ ಮನೆಯ ಮಗ ಎಲೈಸಾ ಮಾಡಿದ್ರಾ ಅಂತ ಕೇಳಿದ. ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಿದರು. ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಕೊನೆಗೆ ಕಾಗದದಲ್ಲಿ ಬರೆದದ್ದು ಬಹು ಅಂಗಾಂಗ ವೈಫಲ್ಯ. ಜೊತೆಗೆ ಶುಗರ್ ಇತ್ತು ಅಂತ ಒಂದು ಸಾಲು. ಶುಗರ್ ಇದ್ದವರು ಮಂಗನ ಕಾಯಿಲೆಯಿಂದ ಸಾಯುವ ಹಾಗಿಲ್ಲ ಅಂತ ಕಾನೂನು ಇದೆಯಾ?

ಅಧಿಕಾರಿಗಳು ಸುಳ್ಳು ಹೇಳುತ್ತಾರೆ ಅಂತ ನಾನು ಹೇಳುವುದಿಲ್ಲ. ಸುಳ್ಳು ಹೇಳುವ ಅಗತ್ಯವೇ ಅವರಿಗಿಲ್ಲ. ಲ್ಯಾಬ್ ಒಪ್ಪಿದರೆ ಮಾತ್ರ ಲೆಕ್ಕ ಅಂತ ಒಂದು ಪದ್ಧತಿ ಇಟ್ಟುಕೊಂಡು, ಲ್ಯಾಬಿಗೆ ರಕ್ತ ತಡವಾಗಿ ತಲುಪಿದರೆ ಸಾಕು. ಸಂಖ್ಯೆ ತಾನಾಗಿಯೇ ಇಳಿಯುತ್ತದೆ. ಯಾರ ಮೇಲೂ ತಪ್ಪು ಬರುವುದಿಲ್ಲ. ಜ್ವರದ ಎಷ್ಟನೇ ದಿನ ರಕ್ತ ತೆಗೆದರು ಅನ್ನೋದು ಯಾವ ಪ್ರೆಸ್ ನೋಟಲ್ಲಿ ಬಂದಿದೆ ತೋರಿಸಿ ನೋಡೋಣ.

ಸಂಖ್ಯೆಯಿಂದ ಏನಾಗಬೇಕು, ಸತ್ತವರು ವಾಪಸ್ ಬರ್ತಾರಾ ಅಂತ ನಮ್ಮವರೇ ಒಬ್ಬರು ಕೇಳಿದರು. ಅವರಿಗೆ ಪೇಟೆಯಲ್ಲಿ ಮನೆ ಇದೆ, ಕೇಳಬಹುದು. ಇಲ್ಲಿ ಎಲ್ಲವೂ ಸಂಖ್ಯೆಯ ಮೇಲೆಯೇ ನಿಂತಿದೆ. ಎಲ್ಲಿ ಕೇಸ್ ಜಾಸ್ತಿ ಅಲ್ಲಿಗೆ ತಂಡ, ಅಲ್ಲಿಗೆ ಆಂಬ್ಯುಲೆನ್ಸ್, ಅಲ್ಲಿಗೆ ಉಣುಗು ಕಚ್ಚದ ಹಾಗೆ ಮೈಗೆ ಹಚ್ಚುವ ಡೆಪಾ ಎಣ್ಣೆ. ಸೊನ್ನೆ ಇರುವ ಊರಿಗೆ ಯಾರು ಬರುತ್ತಾರೆ? ಉಣುಗಿನ ಕಾಟ ಚಳಿಗಾಲದಿಂದಲೇ ಶುರು, ಮಳೆ ಬೀಳುವ ತನಕ ಇರುತ್ತದೆ. ನಮ್ಮಲ್ಲಿಗೆ ಎಣ್ಣೆ ಬಂದದ್ದು ದರಗು ಹೊತ್ತು ಮುಗಿದ ಮೇಲೆ. ಅದೂ ಮನೆಗೊಂದು ಬಾಟಲಿ. ಕಾಡಿಗೆ ಹೋಗುವ ಮನೆಗೂ ಒಂದೇ, ಮುಚ್ಚಿದ ಮನೆಗೂ ಒಂದೇ.

ಪರಿಹಾರದ ಮಾತು ಬಿಡಿ. ಪಾಸಿಟಿವ್ ಕಾಗದ ಇಲ್ಲದೆ ಆ ಬಾಗಿಲೇ ತೆರೆಯುವುದಿಲ್ಲ.

ಮಂಗಗಳ ಲೆಕ್ಕವೂ ಇದೇ ಕತೆ. ಕಪ್ಪು ಮುಖದ ಮುಸಿಯನೋ ಕೆಂಪು ಮುಖದ ಮಂಗನೋ ಸತ್ತು ಬಿದ್ದರೆ ಅದು ನಮಗೆ ಮೊದಲ ಎಚ್ಚರಿಕೆ. ಸತ್ತ ಪ್ರಾಣಿಯ ಮೈಯಿಂದ ಉಣುಗು ಉದುರಿ ಅದೇ ಜಾಗದ ನೆಲದಲ್ಲಿ ಹರಡುತ್ತದೆ. ಅದಕ್ಕೇ ಸುತ್ತ ಉಣುಗು ಸಾಯಿಸುವ ಮೆಲಾಥಿಯಾನ್ ಪುಡಿ ಹೊಡೆಯಬೇಕು, ಆ ಕಡೆ ಜನ, ದನ ಹೋಗದ ಹಾಗೆ ನೋಡಬೇಕು. ನಾವು ಫೋನ್ ಮಾಡುತ್ತೇವೆ. ಪಂಚಾಯ್ತಿಯವರು ಅರಣ್ಯದವರಿಗೆ ಹೇಳಿ ಅನ್ನುತ್ತಾರೆ. ಅರಣ್ಯದವರು ಪಶು ಆಸ್ಪತ್ರೆಗೆ ಹೇಳಿ ಅನ್ನುತ್ತಾರೆ. ಅವರು ಬರುವಷ್ಟರಲ್ಲಿ ಹೆಣ ಕೊಳೆತಿರುತ್ತದೆ. ಕೊಳೆತದ್ದರಿಂದ ಪರೀಕ್ಷೆ ಆಗುವುದಿಲ್ಲ. ಪರೀಕ್ಷೆ ಆಗದ್ದರಿಂದ ಅದು ಮಂಗನ ಕಾಯಿಲೆ ಅಲ್ಲ. ಸುಟ್ಟು ಹಾಕಿ ಹೋಗುತ್ತಾರೆ. ಈಗ ಎಷ್ಟೋ ಜನ ಫೋನ್ ಮಾಡುವುದನ್ನೇ ಬಿಟ್ಟಿದ್ದಾರೆ. ಮಾಡಿದವನೇ ಕಾಡಿಗೆ ದಾರಿ ತೋರಿಸಬೇಕು, ಸೌದೆ ಒಟ್ಟಬೇಕು. ಯಾರಿಗೆ ಬೇಕು ಹೇಳಿ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹತ್ತಿರ ಹೀಗೇ ಮಂಗಗಳು ಸತ್ತವು, ಜನ ಜ್ವರ ಬಂದು ಮಲಗಿದರು. ರಸ್ತೆ ಸರಿ ಇರಲಿಲ್ಲ, ಫೋನ್ ಇರಲಿಲ್ಲ. ಆದರೂ ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಆ ವರ್ಷವೇ ವೈರಸ್ ಪತ್ತೆ ಮಾಡಿದರು. ಅದೇ ಜಿಲ್ಲೆಯಲ್ಲಿ ಇವತ್ತು ರಕ್ತದ ಸೀಸೆಯೊಂದನ್ನು ಹೊತ್ತಿಗೆ ಸರಿಯಾಗಿ ಶಿವಮೊಗ್ಗದ ಲ್ಯಾಬಿಗೆ ತಲುಪಿಸಲು ಗಾಡಿ ಇಲ್ಲ.

ಅರಳಗೋಡನ್ನು ಮರೆತಿಲ್ಲ ನಾವು. 2018ರ ಕೊನೆಗೆ ಸಾಗರ ತಾಲೂಕಿನ ಆ ಭಾಗದಲ್ಲಿ ಶುರುವಾಗಿ 2019ರಲ್ಲಿ ಮನೆ ಮನೆಯಲ್ಲೂ ಜ್ವರ. ಊರವರು ಹೇಳುತ್ತಿದ್ದ ಸಾವಿನ ಸಂಖ್ಯೆಯೇ ಬೇರೆ, ಸರ್ಕಾರ ಹೇಳುತ್ತಿದ್ದದ್ದೇ ಬೇರೆ. ಜನ ಸುಮ್ನೆ ಹೆದರಿಸುತ್ತಾರೆ ಅಂತ ಆಗಲೂ ಅಂದರು. ಶರಾವತಿ ಹಿನ್ನೀರಿನ ಜನಕ್ಕೆ ಸರ್ಕಾರದ ಲೆಕ್ಕ ಹೊಸದಲ್ಲ ಬಿಡಿ. ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಊರು ಮುಳುಗಿದಾಗಿನಿಂದ ಯಾವುದೋ ಪಟ್ಟಿಯಲ್ಲಿ ಹೆಸರು ಹುಡುಕುತ್ತಲೇ ಇದ್ದಾರೆ.

ಇನ್ನು ಲಸಿಕೆ. ವರ್ಷಾನುಗಟ್ಟಲೆ ಹಾಕಿಸಿಕೊಳ್ಳಿ ಅಂತ ಬೆನ್ನು ಬಿದ್ದರು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಆಮೇಲೆ ಬೂಸ್ಟರ್, ಮತ್ತೆ ವರ್ಷ ವರ್ಷ ಬೂಸ್ಟರ್. ಸೂಜಿ ಚುಚ್ಚಿದ ಜಾಗ ಬೆಂಕಿ ಹಾಗೆ ಉರಿಯುತ್ತಿತ್ತು. ಹಾಕಿಸಿಕೊಂಡವರಿಗೂ ಕಾಯಿಲೆ ಬರುತ್ತಿದೆಯಲ್ಲ ಅಂತ ಕೇಳಿದವರನ್ನು ತಿಳಿವಳಿಕೆ ಇಲ್ಲದ ಜನ ಅಂತ ಬೈದರು. ಕೊನೆಗೆ ಏನಾಯಿತು? ಲಸಿಕೆಗೆ ಶಕ್ತಿ ಸಾಲದು ಅಂತಾಯಿತು. 2022ರಲ್ಲಿ ಅದನ್ನು ನಿಲ್ಲಿಸಿಯೂ ಬಿಟ್ಟರು. ಬೈಸಿಕೊಂಡವರ ಮನೆಗೆ ಯಾರೂ ಬಂದು ನಿಮ್ಮ ಪ್ರಶ್ನೆ ಸರಿ ಇತ್ತು ಅಂತ ಹೇಳಲಿಲ್ಲ. ಈಗ ಹೊಸ ಲಸಿಕೆ ಬರುತ್ತದಂತೆ. ಬರಲಿ. ನಾನು ಹಾಕಿಸಿಕೊಳ್ಳುತ್ತೇನೆ. ಆದರೆ ಪಕ್ಕದ ಮನೆಯವರನ್ನು ಒಪ್ಪಿಸುವ ಕೆಲಸ ನನಗೆ ಹೇಳಬೇಡಿ.

ವಾಟ್ಸಾಪ್ ವೀರರ ಮೇಲೂ ನನಗೆ ಸಿಟ್ಟಿದೆ. ಎಂಬತ್ತು ದಾಟಿದ ಅಜ್ಜ ನಿದ್ದೆಯಲ್ಲಿ ಹೋದರೂ ಮಂಗನ ಕಾಯಿಲೆ ಅಂತ ಹಾಕುತ್ತಾರೆ. ಮೊನ್ನೆ ಯಾರೋ ಕಳಿಸಿದ ಸತ್ತ ಮಂಗದ ಫೋಟೋ ನಮ್ಮ ಕಾಡಿನದ್ದೇ ಅಲ್ಲ, ಅಂಥ ಮಂಗ ನಮ್ಮಲ್ಲಿ ಇಲ್ಲವೇ ಇಲ್ಲ. ಅದನ್ನು ನೋಡಿ ಅಡಿಕೆ ಕೊನೆ ಕೊಯ್ಯುವವರು ಕೆಲಸಕ್ಕೆ ಬರಲಿಲ್ಲ. ಇನ್ನೊಂದು ಕಡೆ ಹೋಂಸ್ಟೇ ಇಟ್ಟವರು, ಸುದ್ದಿ ಮಾಡಬೇಡಿ ಮಾರಾಯ್ರೆ, ಬುಕಿಂಗ್ ಕ್ಯಾನ್ಸಲ್ ಆಗ್ತದೆ ಅಂತ ಕೈ ಮುಗಿಯುತ್ತಾರೆ. ಒಬ್ಬರಿಗೆ ಎಲ್ಲ ಸಾವೂ ಇದೇ, ಇನ್ನೊಬ್ಬರಿಗೆ ಯಾವುದೂ ಅಲ್ಲ. ಸರ್ಕಾರದ ಸಂಖ್ಯೆಯನ್ನು ನಂಬುವ ಹಾಗಿದ್ದಿದ್ದರೆ ಇಬ್ಬರ ಬಾಯಿಯೂ ಮುಚ್ಚುತ್ತಿತ್ತು.

ಇದರ ಮಧ್ಯೆ ಬೈಗುಳ ತಿನ್ನೋದು ಆಶಾ ಕಾರ್ಯಕರ್ತೆ. ಬಿಸಿಲಲ್ಲಿ ಗುಡ್ಡ ಹತ್ತಿ ಮನೆ ಮನೆಗೆ ಬಂದು ಜ್ವರ ಇದೆಯಾ ಅಂತ ಕೇಳುವವಳು ಅವಳೊಬ್ಬಳೇ. ಅವಳು ಬರೆದುಕೊಂಡದ್ದರಲ್ಲಿ ಮೇಲಿನ ಮನೆಯವರ ಜ್ವರ ಇದೆ, ತಾರೀಕೂ ಇದೆ. ನಾನೇ ನೋಡಿದ್ದೇನೆ. ಆ ಪುಸ್ತಕದಿಂದ ಜಿಲ್ಲೆಯ ಪಟ್ಟಿಗೆ ಹೋಗುವ ದಾರಿಯಲ್ಲಿ ಅದು ಎಲ್ಲಿ ಬಿತ್ತು?

ಈ ಕಾಯಿಲೆಯಲ್ಲಿ ಸಾಯುವವರು ನೂರಕ್ಕೆ 3ರಿಂದ 5 ಅಂತ ಎಲ್ಲ ಕಡೆ ಬರೆಯುತ್ತಾರೆ. ಮನೆಯಲ್ಲೇ ಮಲಗಿ ಎದ್ದವರು ಲೆಕ್ಕದಲ್ಲಿಲ್ಲ, ತಡವಾಗಿ ಹೋಗಿ ಸತ್ತವರೂ ಲೆಕ್ಕದಲ್ಲಿಲ್ಲ. ಮತ್ತೆ ಆ ನೂರು ಯಾರು, ಆ ಐದು ಯಾರು? ನಮ್ಮ ತಾಲೂಕಿನ ಮಟ್ಟಿಗಾದರೂ ಯಾರಾದರೂ ಹೇಳಲಿ.

ನಾನು ಕೇಳುವುದು ದೊಡ್ಡದೇನೂ ಅಲ್ಲ. ಪಂಚಾಯ್ತಿವಾರು ಪಟ್ಟಿ ಹಾಕಿ. ಎಷ್ಟು ಜನಕ್ಕೆ ಜ್ವರ, ಎಷ್ಟು ಜನರ ರಕ್ತ ತೆಗೆದಿರಿ, ಜ್ವರದ ಎಷ್ಟನೇ ದಿನ ತೆಗೆದಿರಿ, ಎಷ್ಟು ವರದಿ ಬಾಕಿ. ಕಾರಣ ಗೊತ್ತಾಗದ ಸಾವಿದ್ದರೆ ಗೊತ್ತಾಗಿಲ್ಲ ಅಂತಲೇ ಬರೆಯಿರಿ. ಸೊನ್ನೆ ಬರೆಯಬೇಡಿ. ಹೆಸರು ಬೇಡ, ವಿಳಾಸ ಬೇಡ. ಕೊರೊನಾ ಕಾಲದಲ್ಲಿ ದಿನಾ ಸಂಜೆ ಬುಲೆಟಿನ್ ಬಿಡಲು ಬರುತ್ತಿತ್ತಲ್ವಾ?

ಮುಂದಿನ ವಾರ ಜಾಗೃತಿ ಸಭೆ ಇದೆಯಂತೆ. ಸಾಹೇಬರು ಬಂದು ಪರದೆ ಮೇಲೆ ಉಣುಗಿನ ಚಿತ್ರ ತೋರಿಸುತ್ತಾರಂತೆ. ನಮಗೆ ಉಣುಗು ಗೊತ್ತು ಸ್ವಾಮಿ, ದಿನಾ ಕಾಲಿಂದ ಕಿತ್ತು ಬಿಸಾಡುತ್ತೇವೆ. ಬರುವಾಗ ಆ ಎಲೈಸಾ ಮಾಡಿದ್ರೋ ಇಲ್ವೋ ಅನ್ನೋ ಕಾಗದ ತನ್ನಿ.