‘ಮಚ್ಚಾ’, ‘ಡವ್’ ಬೆಂಗಳೂರಿನ ಉಪಭಾಷೆಯೇ? ಒಂದು ಸ್ಪಷ್ಟನೆ

‘ಮಚ್ಚಾ, ಡವ್, ಚಿಂದಿ, ಗಾಂಚಾಲಿ: ಇವೇ ಬೆಂಗಳೂರಿನ ಉಪಭಾಷೆ’ ಎಂಬ ಪಟ್ಟಿಯೊಂದು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಪದಗಳೇನೋ ನಿಜ. ಅವುಗಳನ್ನು ಉಪಭಾಷೆ ಎಂದದ್ದು ಮಾತ್ರ ತಪ್ಪು.

ಉಪಭಾಷೆ ಅಂದರೆ ಒಂದು ಸೀಮೆಯ ಜನ, ಅಜ್ಜಿಯಿಂದ ಮೊಮ್ಮಗುವಿನವರೆಗೆ, ಆಡುವ ಮಾತು. ಅದರಲ್ಲಿ ಪದಗಳಷ್ಟೇ ಅಲ್ಲ, ಉಚ್ಚಾರಣೆ, ವ್ಯಾಕರಣವೂ ಬೇರೆ ಇರುತ್ತದೆ. ಬೆಂಗಳೂರಿನ ಪಕ್ಕದ ಹೊಸಕೋಟೆ ಕಡೆಯ ಹಳ್ಳಿಗೆ ಹೋಗಿ ನೋಡಿ. ‘ಹಾಲು’ ಅಲ್ಲಿ ‘ಆಲು’ ಆಗುತ್ತದೆ, ‘ಹೋಗ್ತಾನೆ’ ಎನ್ನುವುದು ‘ಓಯ್ತಾನೆ’. ಧಾರವಾಡದವರು ‘ಮಾಡಾಕತ್ತೀನಿ’ ಅಂದರೆ ಇಲ್ಲಿನವರು ‘ಮಾಡ್ತಾ ಇದೀನಿ’ ಅನ್ನುತ್ತಾರೆ. ಇದನ್ನು ಯಾರೂ ಸ್ಟೈಲಿಗೆ ಕಲಿಯುವುದಿಲ್ಲ.

‘ಮಚ್ಚಾ’ ಕಥೆಯೇ ಬೇರೆ. ತಮಿಳಿನ ‘ಮಚ್ಚಾನ್’, ಅಂದರೆ ಭಾವ ಅಥವಾ ಭಾವಮೈದ, ಇಲ್ಲಿ ಗೆಳೆಯನಾದ. ಕಾಲೇಜು ಹುಡುಗರು ತಮ್ಮ ತಮ್ಮಲ್ಲಿ ಜಾಸ್ತಿ ಬಳಸುತ್ತಾರೆ. ಅದೇ ಹುಡುಗ ಮನೆಗೆ ಹೋಗಿ ಅಪ್ಪನನ್ನು ‘ಮಚ್ಚಾ’ ಅನ್ನಲ್ಲ, ಅಲ್ವಾ? (ಅಂದರೆ ರಾತ್ರಿ ಊಟ ಅನುಮಾನ.) ಒಂದು ಗುಂಪಿನೊಳಗೆ ಹುಟ್ಟಿ ಓಡಾಡುವ ಇಂಥ ಮಾತಿಗೆ ಸ್ಲ್ಯಾಂಗ್ ಅನ್ನುತ್ತಾರೆ.

ಗುರುತಿಸೋದು ಕಷ್ಟವೇನಲ್ಲ. ಇಲ್ಲಿ ‘ಡವ್ ಮಾಡ್ತಾನೆ’ (ಅಂದರೆ ನಾಟಕ ಆಡ್ತಾನೆ) ಎನ್ನುವುದನ್ನು ಹುಬ್ಬಳ್ಳಿ ಹುಡುಗ ಕಲಿತರೆ ‘ಡವ್ ಮಾಡಾಕತ್ತಾನ’ ಅಂದಾನು. ಪದ ಎರವಲು, ವ್ಯಾಕರಣ ಅವನ ಊರಿನದೇ.

ಇನ್ನು, ಕೆಲವು ಸ್ಲ್ಯಾಂಗ್ ಪದಗಳು ಗುಂಪು ದಾಟಿ ಎಲ್ಲರ ಬಾಯಿಗೂ ಬರುತ್ತವೆ. ‘ಬೊಂಬಾಟ್’ ಈಗ ನಮ್ಮ ಚಿಕ್ಕಪ್ಪನೂ ಅನ್ನುತ್ತಾರೆ, ಅದೂ ಸುಮ್ನೆ ಉಪ್ಪಿಟ್ಟಿಗೆ.