ಟೋಪಿ ಹಾಕಿಸಿಕೊಂಡ ಮ್ಯಾನೇಜರು

ಬೇರೆ ಆಟಗಳಲ್ಲಿ ಕೋಚ್ ಆದವರು ಕೋಟೋ ಟ್ರ್ಯಾಕ್‌ಸೂಟೋ ಹಾಕಿಕೊಂಡು ಗೆರೆಯ ಆಚೆ ನಿಂತಿರುತ್ತಾರೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಮಾತ್ರ ಅರವತ್ತು ದಾಟಿದ, ಹೊಟ್ಟೆ ಬಂದ ಮ್ಯಾನೇಜರಿಗೂ ಆಟಗಾರರದೇ ಸಮವಸ್ತ್ರ, ಅದೇ ಟೋಪಿ, ಬೆನ್ನ ಮೇಲೆ ನಂಬರು. ಅವರು ಬ್ಯಾಟು ಹಿಡಿಯುವುದಿಲ್ಲ, ಚೆಂಡು ಎಸೆಯುವುದಿಲ್ಲ, ಓಡುವುದಂತೂ ದೂರದ ಮಾತು. ಮತ್ತೆ ಈ ವೇಷ ಯಾಕೆ? ತಂಡ ಸೋತಾಗ ಯಾರಿಗೆ ಬೈಯಬೇಕು ಅಂತ ಗ್ಯಾಲರಿಯ ಕೊನೆಯ ಸಾಲಿನವರಿಗೂ ಗುರುತು ಸಿಗಲಿ ಅಂತ. ಇದು ನನ್ನ ಸಿದ್ಧಾಂತ. ರೂಲ್‌ಬುಕ್‌ನಲ್ಲಿ ಬೇರೇನಾದರೂ ಬರೆದಿದ್ದರೆ ಅದನ್ನು ಬರೆದವರು ಮಾನ ಮರ್ಯಾದೆಗೆ ಅಂಜಿದ್ದಾರೆ, ಅಷ್ಟೆ.

ಬೈಸಿಕೊಳ್ಳುವವರು ಕೆಳಗೆ ಡಗ್‌ಔಟ್‌ನಲ್ಲಿ, ಅಂದರೆ ಮೈದಾನದ ಅಂಚಿಗೆ ತಗ್ಗಿನಲ್ಲಿ ತಂಡ ಕೂರುವ ಜಾಗದಲ್ಲಿ. ತೀರ್ಮಾನ ಮಾಡುವವರು ಮೇಲೆ, ಫ್ರಂಟ್ ಆಫೀಸಿನಲ್ಲಿ. ಅಲ್ಲಿ ಒಬ್ಬರು ಜನರಲ್ ಮ್ಯಾನೇಜರ್. ಎಷ್ಟೋ ತಂಡಗಳಲ್ಲಿ ಅವರ ಮೇಲೊಬ್ಬರು ಪ್ರೆಸಿಡೆಂಟ್ ಆಫ್ ಬೇಸ್‌ಬಾಲ್ ಆಪರೇಷನ್ಸ್. ಬೋಸ್ಟನ್‌ನವರಿಗೆ ಅದೂ ಸಪ್ಪೆ ಅನ್ನಿಸಿ ಚೀಫ್ ಬೇಸ್‌ಬಾಲ್ ಆಫೀಸರ್ ಎಂಬ ಹುದ್ದೆ ಮಾಡಿಕೊಂಡರು. ಇವರೆಲ್ಲರ ಕೈಕೆಳಗೆ ಗಣಿತ, ಕಂಪ್ಯೂಟರ್ ಓದಿದ ಹುಡುಗರ ದಂಡು. ಯಾರನ್ನು ಕೊಳ್ಳಬೇಕು, ಯಾರನ್ನು ಮಾರಬೇಕು ಎಂಬುದು ಮೊದಲಿನಿಂದಲೂ ಮೇಲಿನವರ ಕೆಲಸವೇ. ಈಗ ಯಾರು ಎಷ್ಟನೆಯವರಾಗಿ ಬ್ಯಾಟ್ ಮಾಡಬೇಕು, ಯಾವ ಬ್ಯಾಟರ್‌ಗೆ ಫೀಲ್ಡರ್ ಎಲ್ಲಿ ನಿಲ್ಲಬೇಕು, ಚೆಂಡು ಎಸೆಯುವ ಪಿಚರ್‌ನನ್ನು ಯಾವಾಗ ತೆಗೆಯಬೇಕು ಎಂಬ ಲೆಕ್ಕವೂ ಅಲ್ಲಿಂದಲೇ ಚೀಟಿಯಾಗಿ ಇಳಿದುಬರುತ್ತದೆ. ಮ್ಯಾನೇಜರು ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಸೂರ್ಯಕಾಂತಿ ಬೀಜ ಜಗಿಯುತ್ತಾ ಗಂಭೀರವಾಗಿ ಯೋಚಿಸುವವರ ಹಾಗೆ ನಿಲ್ಲುತ್ತಾರೆ. ಮೂಲವಿಗ್ರಹ ಗರ್ಭಗುಡಿ ಬಿಟ್ಟು ಕದಲುವುದಿಲ್ಲ. ಬೀದಿಯ ಬಿಸಿಲು, ಧೂಳು ಎಲ್ಲ ಉತ್ಸವಮೂರ್ತಿಯ ಪಾಲಿಗೆ.

2020ರ ಅಕ್ಟೋಬರ್ 27ರ ರಾತ್ರಿಯನ್ನೇ ನೋಡಿ. ಟೆಕ್ಸಾಸ್‌ನ ಆರ್ಲಿಂಗ್ಟನ್‌ನಲ್ಲಿ ವರ್ಷದ ಫೈನಲ್ ಸರಣಿಯಾದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಟ್ಯಾಂಪಾ ಬೇ ರೇಸ್ ತಂಡ ಲಾಸ್ ಏಂಜಲೀಸ್ ಡಾಡ್ಜರ್ಸ್ ಎದುರು 1-0 ಮುಂದಿತ್ತು. ರೇಸ್‌ನ ಪಿಚರ್ ಬ್ಲೇಕ್ ಸ್ನೆಲ್ ಅವತ್ತು ಮೈಮೇಲೆ ದೇವರು ಬಂದವನ ಹಾಗೆ ಎಸೆಯುತ್ತಿದ್ದ. ಆರನೇ ಇನಿಂಗ್ಸ್‌ವರೆಗೆ 73 ಎಸೆತ, ಒಂಬತ್ತು ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್), ಕೊಟ್ಟಿದ್ದು ಎರಡೇ ಹಿಟ್. ಡಾಡ್ಜರ್ಸ್‌ನ ಮೊದಲ ಮೂವರು ಬ್ಯಾಟರ್‌ಗಳಾದ ಬೆಟ್ಸ್, ಸೀಗರ್, ಟರ್ನರ್ ತಲಾ ಎರಡು ಸಲ ಬಂದು, ಆರಕ್ಕೆ ಆರೂ ಸಲ ಸ್ಟ್ರೈಕ್‌ಔಟ್ ಆಗಿ ಹೋಗಿದ್ದರು. ಆ ಎರಡನೇ ಹಿಟ್ ಬಿದ್ದದ್ದೇ ತಡ, ಮ್ಯಾನೇಜರ್ ಕೆವಿನ್ ಕ್ಯಾಶ್ ಮೆಟ್ಟಿಲು ಹತ್ತಿ ಬಂದರು. ಸ್ನೆಲ್‌ನ ತುಟಿ ಅಲುಗಾಡಿದ್ದನ್ನು ಟೀವಿಯಲ್ಲಿ ಇಡೀ ಅಮೆರಿಕ ನೋಡಿತು. ಏನೆಂದ ಎಂಬುದನ್ನು ಇಲ್ಲಿ ಬರೆಯುವ ಹಾಗಿಲ್ಲ. ಕ್ರಿಕೆಟ್‌ನ ಹಾಗೆ ಇವನನ್ನು ಎರಡು ಓವರ್ ಬಿಟ್ಟು ಮತ್ತೆ ಕರೆಯೋಣ ಅನ್ನುವ ಸೌಲಭ್ಯ ಬೇಸ್‌ಬಾಲ್‌ನಲ್ಲಿಲ್ಲ. ಒಮ್ಮೆ ಹೊರಗೆ ಕಳಿಸಿದರೆ ಆ ದಿನದ ಮಟ್ಟಿಗೆ ಅವನ ಕಥೆ ಮುಗಿಯಿತು.

ಯಾಕೆ ತೆಗೆದರು? ಒಂದೇ ಪಂದ್ಯದಲ್ಲಿ ಒಬ್ಬ ಪಿಚರ್‌ನನ್ನು ಮೂರನೇ ಸಲ ಎದುರಿಸುವ ಬ್ಯಾಟರ್‌ಗಳು ಜಾಸ್ತಿ ಚೆನ್ನಾಗಿ ಹೊಡೆಯುತ್ತಾರೆ ಎಂದು ವರ್ಷಾನುಗಟ್ಟಲೆ ಅಂಕಿಅಂಶ ಹೇಳುತ್ತದೆ. ಅದು ಸುಳ್ಳೇನಲ್ಲ. ಬೆಟ್ಸ್ ಮೂರನೇ ಸಲ ಬರುತ್ತಿದ್ದ, ಚೀಟಿಯ ಪ್ರಕಾರ ಸ್ನೆಲ್ ಸುಸ್ತಾಗಬೇಕಿತ್ತು. ಅವನು ಸುಸ್ತಾಗಿರಲಿಲ್ಲ ಎಂಬುದು ಅವನ ಸ್ವಂತ ಸಮಸ್ಯೆ. ಆದರೆ ಅದೇ ಲೆಕ್ಕದ ಪುಸ್ತಕದಲ್ಲಿ ಇನ್ನೊಂದು ಸಾಲೂ ಇತ್ತು. ಸ್ನೆಲ್ ಬದಲಿಗೆ ಬಂದ ನಿಕ್ ಆಂಡರ್ಸನ್ ಅದಕ್ಕೆ ಮೊದಲು ಸತತ ಆರು ಪಂದ್ಯಗಳಲ್ಲಿ ರನ್ ಕೊಟ್ಟಿದ್ದ. ಆ ಸಾಲಿಗೆ ಬಂದಾಗ ಮಾತ್ರ ಎಲ್ಲರಿಗೂ ಕಣ್ಣು ಮಂಜಾಯಿತೋ ಏನೋ. ಬೆಟ್ಸ್ ಎರಡನೇ ಬೇಸ್ ಮುಟ್ಟಿಸುವ ಡಬಲ್ ಹೊಡೆದ. ದಾರಿ ತಪ್ಪಿದ ಎಸೆತಕ್ಕೆ, ಅಂದರೆ ವೈಲ್ಡ್ ಪಿಚ್‌ಗೆ, ಒಂದು ರನ್ ಬಂತು, ಸೀಗರ್ ನೆಲಕ್ಕೆ ಹೊಡೆದ ಚೆಂಡಿಗೆ ಇನ್ನೊಂದು. ಪಂದ್ಯ 3-1ಕ್ಕೆ ಹೋಯಿತು, ಸರಣಿ ಹೋಯಿತು. ಡಾಡ್ಜರ್ಸ್‌ಗೆ 1988ರ ನಂತರ ಮೊದಲ ಕಿರೀಟ. ತಮಾಷೆ ಅಂದರೆ, ಆ ಡಾಡ್ಜರ್ಸ್‌ನ ಮೇಲಿನವರಾದ ಆ್ಯಂಡ್ರೂ ಫ್ರೀಡ್‌ಮನ್ ಮೊದಲು ವಾಲ್‌ಸ್ಟ್ರೀಟ್‌ನಲ್ಲಿದ್ದು, ಆಮೇಲೆ ಬಂದು ರೇಸ್‌ಗೆ ಈ ಲೆಕ್ಕದ ವಿದ್ಯೆ ಕಲಿಸಿದವರು. 2014ರಲ್ಲಿ ಅದನ್ನೇ ಕಟ್ಟಿಕೊಂಡು ಲಾಸ್ ಏಂಜಲೀಸ್‌ಗೆ ಹೋದರು. ಹಾಗಾಗಿ ಆ ರಾತ್ರಿ ಸೋತದ್ದೂ ಅದೇ ಲೆಕ್ಕ, ಗೆದ್ದದ್ದೂ ಅದೇ ಲೆಕ್ಕ.

ಸೋತ ಮೇಲೆ ಪತ್ರಕರ್ತರ ಮುಂದೆ ಕೂತವರು ಯಾರು? ಚೀಟಿಯ ಹುಡುಗರಲ್ಲಿ ಒಬ್ಬನೂ ಇರಲಿಲ್ಲ. ಕ್ಯಾಶ್ ಒಬ್ಬರೇ ಮುಖ ಸಣ್ಣದು ಮಾಡಿಕೊಂಡು ಕೂತು, ಹೌದು ನನ್ನದೇ ತೀರ್ಮಾನ, ಬೆಟ್ಸ್ ಮೂರನೇ ಸಲ ಅವನನ್ನು ನೋಡುವುದು ಬೇಡವಾಗಿತ್ತು ಅಂದರು. ಎರಡು ವಾರದೊಳಗೆ ಅವರಿಗೆ ವರ್ಷದ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಬಂತು. ಓಟು ಹಾಕುವುದು ಪ್ಲೇಆಫ್‌ಗೆ ಮೊದಲೇ ಅನ್ನಿ. ಆದರೂ ಮರುವರ್ಷ ಮತ್ತೆ ಅವರಿಗೇ ಬಂತು. ಸ್ನೆಲ್‌ನನ್ನು ಮಾತ್ರ ಡಿಸೆಂಬರ್‌ನಲ್ಲಿ ಸ್ಯಾನ್ ಡಿಯಾಗೋಗೆ ಸಾಗಹಾಕಿದರು.

ಹಾಗಾದರೆ ಚೀಟಿ ಹರಿದು ಬಿಸಾಕಿ, ಆಟಗಾರನ ಕಣ್ಣು ನೋಡಿ ತೀರ್ಮಾನ ಮಾಡಬೇಕಿತ್ತು ಅಂತೀರಾ? ಅದನ್ನು ಮಾಡಿದವರೂ ಇದ್ದಾರೆ. 2003ರ ಅಕ್ಟೋಬರ್ 16, ನ್ಯೂಯಾರ್ಕ್. ಯಾಂಕೀಸ್ ಎದುರು ಲೀಗ್ ಫೈನಲ್ ಸರಣಿಯ ಏಳನೇ ಪಂದ್ಯದ ಎಂಟನೇ ಇನಿಂಗ್ಸ್‌ನಲ್ಲಿ ಬೋಸ್ಟನ್ ರೆಡ್ ಸಾಕ್ಸ್ 5-2 ಮುಂದಿತ್ತು. ಪಿಚರ್ ಪೆಡ್ರೊ ಮಾರ್ಟಿನೆಜ್. ನೂರು ಎಸೆತ ದಾಟಿದ ಮೇಲೆ ಪೆಡ್ರೊ ಮನುಷ್ಯಮಾತ್ರನಾಗುತ್ತಾನೆ ಎಂದು ಬೋಸ್ಟನ್‌ನ ಲೆಕ್ಕದವರು ಮೊದಲೇ ಹೇಳಿಟ್ಟಿದ್ದರು. ಮ್ಯಾನೇಜರ್ ಗ್ರೇಡಿ ಲಿಟ್ಲ್ ಹಳೇ ಕಾಲದ ಮನುಷ್ಯರು. ಮೈದಾನದ ನಡುವೆ ಹೋಗಿ, ಆಗುತ್ತಾ ಅಂತ ಕೇಳಿದರು. ಪೆಡ್ರೊ ಆಗುತ್ತೆ ಅಂದ. ಯಾವ ಪಿಚರ್ ತಾನೇ ಆಗಲ್ಲ ಅನ್ನುತ್ತಾನೆ? 123 ಎಸೆತವಾಗುವ ಹೊತ್ತಿಗೆ ಸ್ಕೋರು 5-5. ಹನ್ನೊಂದನೇ ಇನಿಂಗ್ಸ್‌ನಲ್ಲಿ ಯಾಂಕೀಸ್‌ನ ಏರನ್ ಬೂನ್ ಹೋಮ್‌ರನ್ ಬಾರಿಸಿ ಕಥೆ ಮುಗಿಸಿದ. ಎರಡು ಸೀಸನ್‌ಗಳಲ್ಲಿ 188 ಪಂದ್ಯ ಗೆಲ್ಲಿಸಿದ್ದ ಲಿಟ್ಲ್ ಆ ತಿಂಗಳು ಮುಗಿಯುವುದರೊಳಗೆ ಮನೆಗೆ ಹೋದರು.

ಆ ಬೂನ್ ಈಗ ಏನು ಮಾಡುತ್ತಿದ್ದಾರೆ ಗೊತ್ತಾ? ಯಾಂಕೀಸ್‌ನ ಮ್ಯಾನೇಜರು. ಅದಕ್ಕೆ ಮೊದಲಿದ್ದ ಜೋ ಜಿರಾರ್ಡಿ 2017ರಲ್ಲಿ ತಂಡವನ್ನು ವರ್ಲ್ಡ್ ಸೀರೀಸ್‌ಗೆ ಒಂದೇ ಗೆಲುವಿನ ದೂರಕ್ಕೆ ತಂದಿದ್ದರು. ಆಟಗಾರರ ಜೊತೆ ಮಾತುಕತೆ, ಒಡನಾಟ ಸಾಲದು ಎಂಬ ಕಾರಣ ಕೊಟ್ಟು ಅವರನ್ನು ಕಳಿಸಿದರು. ಅವರ ಜಾಗಕ್ಕೆ ಬಂದ ಬೂನ್ ಟೀವಿಯಲ್ಲಿ ಕಾಮೆಂಟರಿ ಹೇಳುತ್ತಿದ್ದವರು, ಯಾವ ತಂಡಕ್ಕೂ ಒಂದು ದಿನ ಕೋಚ್ ಆದವರಲ್ಲ. ಮಾತು ಬರುತ್ತದಲ್ಲ, ಸಾಕು. ಜನರಲ್ ಮ್ಯಾನೇಜರ್ ಬ್ರಯಾನ್ ಕ್ಯಾಶ್‌ಮನ್ 1998ರಿಂದ ಅದೇ ಕುರ್ಚಿಯಲ್ಲಿದ್ದಾರೆ. ಬೂನ್ ಬರೀ ಮೇಲಿನವರ ಮಾತು ಕೇಳುತ್ತಾರೆ ಅಂತ ನ್ಯೂಯಾರ್ಕಿನ ಅಭಿಮಾನಿಗಳು ದೂರುತ್ತಾರೆ, ಆಫೀಸಿನವರು ಇಲ್ಲ ಅನ್ನುತ್ತಾರೆ. ಅದಿರಲಿ, ಲಿಟ್ಲ್‌ಗೆ ಆದದ್ದನ್ನು ಎದುರು ತಂಡದಲ್ಲಿ ನಿಂತು ಕಣ್ಣಾರೆ ಕಂಡವರು ಬೂನ್. ಅವರು ಚೀಟಿ ಬಿಸಾಕುತ್ತಾರಾ?

ಹಿಂದೆಲ್ಲ ಈ ಜಗಳಕ್ಕೆ ಚೀಟಿ ಗೀಟಿ ಬೇಕಿರಲಿಲ್ಲ, ಬಾಯಿ ಸಾಕಿತ್ತು. 1973ರಲ್ಲಿ ಜಾರ್ಜ್ ಸ್ಟೈನ್‌ಬ್ರೆನರ್ ಯಾಂಕೀಸ್ ಕೊಂಡಾಗ, ದಿನನಿತ್ಯದ ವ್ಯವಹಾರಕ್ಕೆ ನಾನು ಕೈಹಾಕಲ್ಲ, ಹಡಗು ಕಟ್ಟುವ ನನ್ನ ಕೆಲಸ ನನಗೆ ಸಾಕು ಅಂದಿದ್ದರು. ಆಮೇಲಿನ 23 ಸೀಸನ್‌ಗಳಲ್ಲಿ 20 ಸಲ ಮ್ಯಾನೇಜರ್ ಬದಲಾಯಿಸಿದರು. ಅದರಲ್ಲಿ ಬಿಲ್ಲಿ ಮಾರ್ಟಿನ್ ಒಬ್ಬರನ್ನೇ ಐದು ಸಲ ಕರೆದು ಐದು ಸಲ ಕಳಿಸಿದರು. 1978ರ ಜುಲೈನಲ್ಲಿ ಮಾರ್ಟಿನ್ ತಂಡದ ಸ್ಟಾರ್ ರೆಜಿ ಜಾಕ್ಸನ್ ಬಗ್ಗೆಯೂ ಮಾಲೀಕರ ಬಗ್ಗೆಯೂ ಒಂದೇ ಉಸಿರಿನಲ್ಲಿ, ಒಬ್ಬ ಹುಟ್ಟಾ ಸುಳ್ಳುಗಾರ, ಇನ್ನೊಬ್ಬ ಶಿಕ್ಷೆಯಾದವನು ಅಂದುಬಿಟ್ಟರು. ಎರಡನೆಯ ಮಾತು ಮಾಲೀಕರಿಗೆ. ನಿಕ್ಸನ್ ಚುನಾವಣೆಗೆ ಅಕ್ರಮ ದೇಣಿಗೆ ಕೊಟ್ಟ ಕೇಸಿನಲ್ಲಿ ಅವರು ತಪ್ಪೊಪ್ಪಿಕೊಂಡಿದ್ದರು, ಅದಕ್ಕೇ ಚುಚ್ಚಿತು. ಮಾರ್ಟಿನ್ ಅಳುತ್ತಾ ರಾಜೀನಾಮೆ ಕೊಟ್ಟರು. ಐದೇ ದಿನಕ್ಕೆ ಅದೇ ಸ್ಟೇಡಿಯಂನಲ್ಲಿ, ಹಳೆಯ ಆಟಗಾರರನ್ನು ಸನ್ಮಾನಿಸುವ ದಿನ, 1980ಕ್ಕೆ ಮಾರ್ಟಿನ್ನೇ ಮತ್ತೆ ಮ್ಯಾನೇಜರ್ ಅಂತ ಮೈಕಿನಲ್ಲಿ ಸಾರಿದರು. 1980ರವರೆಗೂ ತಾಳ್ಮೆ ಇರಲಿಲ್ಲ, 1979ರಲ್ಲೇ ಕರೆಸಿಕೊಂಡರು, ಅದೇ ವರ್ಷ ಮತ್ತೆ ಕಳಿಸಿದರು. ಈ ನಡುವೆ ಇಬ್ಬರೂ ಸೇರಿ ಒಂದು ಬಿಯರ್ ಜಾಹೀರಾತಿನಲ್ಲಿ ಜಗಳವಾಡುವ ಪಾತ್ರ ಮಾಡಿ ದುಡ್ಡನ್ನೂ ಎಣಿಸಿಕೊಂಡರು. ನನಗೆ ಕೇಳಿದರೆ ಆ ಜಾಹೀರಾತೇ ಅವರ ಸಂಬಂಧದ ಅತ್ಯಂತ ಪ್ರಾಮಾಣಿಕ ದಾಖಲೆ.

ಪಾಪ, ಯಾಂಕೀಸ್‌ನ ಹಳೇ ಸ್ಟಾರ್ ಆಟಗಾರ ಯೋಗಿ ಬೆರಾ ಇಂಥ ನಾಟಕದ ಮನುಷ್ಯರಲ್ಲ. 1985ರಲ್ಲಿ ಇಡೀ ಸೀಸನ್ ಮ್ಯಾನೇಜರ್ ನೀವೇ ಅಂತ ಅವರಿಗೆ ಮಾತು ಕೊಟ್ಟಿದ್ದ ಸ್ಟೈನ್‌ಬ್ರೆನರ್ 16 ಪಂದ್ಯಕ್ಕೇ ತೆಗೆದರು. ತಾವು ಬಂದು ಹೇಳಲೂ ಇಲ್ಲ, ಬೇರೆಯವರ ಕೈಲಿ ಹೇಳಿಸಿದರು. ಬೆರಾ ಹದಿನಾಲ್ಕು ವರ್ಷ ಯಾಂಕೀ ಸ್ಟೇಡಿಯಂ ಕಡೆ ತಲೆ ಹಾಕಲಿಲ್ಲ. ಅವರ ಜಾಗಕ್ಕೆ ಬಂದವರು ಯಾರು ಅಂತೀರಾ? ಬಿಲ್ಲಿ ಮಾರ್ಟಿನ್ನೇ, ಮತ್ತ್ಯಾರು!

ಅಟ್ಲಾಂಟಾ ಬ್ರೇವ್ಸ್‌ನ ಮಾಲೀಕ ಟೆಡ್ ಟರ್ನರ್ ಇನ್ನೂ ನೇರದಾರಿ ಹಿಡಿದರು. 1977ರ ಮೇ ತಿಂಗಳಲ್ಲಿ ತಂಡ ಸತತ 16 ಸೋತಿತ್ತು. ಮ್ಯಾನೇಜರ್ ಡೇವ್ ಬ್ರಿಸ್ಟಲ್‌ಗೆ, ಹತ್ತು ದಿನ ಹೊಸ ಹುಡುಗರನ್ನು ಹುಡುಕಿಕೊಂಡು ತಿರುಗಾಡಿ ಬನ್ನಿ ಅಂತ ಹೇಳಿ ಕಳಿಸಿ, ತಾವೇ ಜೆರ್ಸಿ ತೊಟ್ಟು ಡಗ್‌ಔಟ್‌ನಲ್ಲಿ ಕೂತರು. 17ನೆಯದನ್ನೂ ಸೋತರು, 2-1. ಮರುದಿನವೇ ಲೀಗ್ ಅಧ್ಯಕ್ಷರು, ತಂಡದಲ್ಲಿ ಷೇರು ಇರುವವರು ಮ್ಯಾನೇಜರ್ ಆಗುವಂತಿಲ್ಲ ಎಂಬ ನಿಯಮ ತೋರಿಸಿ ಎಬ್ಬಿಸಿದರು. ತಂಡ ಕೊಳ್ಳುವಷ್ಟು ಬುದ್ಧಿ ಇರುವವನಿಗೆ ತಂಡ ನಡೆಸುವ ಬುದ್ಧಿ ಇರಲ್ವಾ ಎಂಬುದು ಟರ್ನರ್ ವಾದ. ಅದಕ್ಕೂ ಬಹಳ ಹಿಂದೆ ಕಾನಿ ಮ್ಯಾಕ್ ಎಂಬ ಪುಣ್ಯಾತ್ಮರು ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ಗೆ 1901ರಿಂದ 1950ರವರೆಗೆ ಮ್ಯಾನೇಜರ್ ಆಗಿದ್ದರು. ತಂಡದಲ್ಲಿ ಪಾಲೂ ಅವರದೇ. ವೃತ್ತಿಯಲ್ಲಿ 3,948 ಪಂದ್ಯ ಸೋತರು, ಅಷ್ಟು ಸೋತ ಮ್ಯಾನೇಜರ್ ಇನ್ನೊಬ್ಬರಿಲ್ಲ. ತೆಗೆಯಬೇಕಾದವರೂ ಅವರೇ ಆದ್ದರಿಂದ ಯಾರೂ ತೆಗೆಯಲಿಲ್ಲ. ಅವರು ಜೆರ್ಸಿ ಹಾಕುತ್ತಿರಲಿಲ್ಲ, ಸೂಟು ತೊಟ್ಟೇ ಕೂರುತ್ತಿದ್ದರು. ನನ್ನ ಸಿದ್ಧಾಂತಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಮ್ಯಾನೇಜರೇ ಬೇಡ ಎಂಬ ಪ್ರಯೋಗವೂ ನಡೆದಿದೆ. 1961ರಲ್ಲಿ ಶಿಕಾಗೊ ಕಬ್ಸ್‌ನ ಮಾಲೀಕ, ಚೂಯಿಂಗ್ ಗಮ್ ವ್ಯಾಪಾರಿ ಫಿಲಿಪ್ ರಿಗ್ಲಿ ಆ ಹುದ್ದೆಯನ್ನೇ ತೆಗೆದು, ಕೋಚ್‌ಗಳ ಒಂದು ಮಂಡಳಿ ಮಾಡಿ, ಸರದಿ ಪ್ರಕಾರ ಒಬ್ಬೊಬ್ಬರನ್ನು ಮುಖ್ಯ ಕೋಚ್ ಮಾಡಿದರು. ಮೊದಲ ವರ್ಷವೇ ನಾಲ್ವರು ಆ ಕುರ್ಚಿಯಲ್ಲಿ ಕೂತು ಎದ್ದರು. ಒಬ್ಬರು ಬಂಟ್ ಮಾಡು, ಅಂದರೆ ಚೆಂಡನ್ನು ಮೆಲ್ಲಗೆ ತಟ್ಟು ಅಂದದ್ದನ್ನು ಇನ್ನೊಬ್ಬರು ಬೇಡ ಅಂದರೆ ಆಟಗಾರ ಏನು ಮಾಡಬೇಕು? ಆ ವರ್ಷ 90 ಸೋಲು. ಮಂಡಳಿಗೆ ಅನುಭವ ಬಂದ ಮೇಲೆ, ಮರುವರ್ಷ, 103.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಸೇಂಟ್ ಲೂಯಿಸ್ ಬ್ರೌನ್ಸ್‌ನ ಮಾಲೀಕ ಬಿಲ್ ವೆಕ್ ಕಂಡುಕೊಂಡ ದಾರಿ. 1951ರ ಆಗಸ್ಟ್ 24ರಂದು ಅವರು ಡಗ್‌ಔಟ್ ಹಿಂದೆ ಕೂತ ಸಾವಿರಕ್ಕೂ ಹೆಚ್ಚು ಪ್ರೇಕ್ಷಕರ ಕೈಗೆ ಹೌದು, ಇಲ್ಲ ಎಂಬ ಫಲಕ ಕೊಟ್ಟರು. ಪಿಚರ್‌ನನ್ನು ಬದಲಾಯಿಸೋಣವಾ, ಎಸೆಯುವ ಹೊತ್ತಿಗೆ ಮುಂದಿನ ಬೇಸ್‌ಗೆ ಓಡಿ ಅದನ್ನು ಕದಿಯೋಣವಾ ಎಂಬ ಪ್ರಶ್ನೆ ಬಂದಾಗ ಜನ ಫಲಕ ಎತ್ತುವುದು, ಹೆಚ್ಚಿನವರು ಹೇಳಿದ ಹಾಗೆ ತಂಡ ಆಡುವುದು. ಮ್ಯಾನೇಜರ್ ಝ್ಯಾಕ್ ಟೇಲರ್ ಅಷ್ಟು ಹೊತ್ತೂ ಚಪ್ಪಲಿ ಮೆಟ್ಟಿಕೊಂಡು ತೂಗುಕುರ್ಚಿಯಲ್ಲಿ ಆರಾಮಾಗಿ ಕೂತಿದ್ದರು. ಆ ವರ್ಷ ನೂರಕ್ಕೂ ಹೆಚ್ಚು ಪಂದ್ಯ ಸೋತ ಆ ತಂಡ ಅವತ್ತು 5-3ರಿಂದ ಗೆದ್ದಿತು. ಎದುರು ತಂಡ ಯಾವುದು ಗೊತ್ತಾ? ಕಾನಿ ಮ್ಯಾಕ್ ಆಗಷ್ಟೇ ಕೈಬಿಟ್ಟಿದ್ದ ಅಥ್ಲೆಟಿಕ್ಸ್. ಈಗಿನ ಮೇಲಿನವರೂ ಇಷ್ಟು ದಯೆ ತೋರಿಸಬಾರದಾ? ಚೀಟಿ ಕೊಡುವುದು ಖಾತ್ರಿಯಾದ ಮೇಲೆ ಜೊತೆಗೊಂದು ತೂಗುಕುರ್ಚಿ ಕೊಟ್ಟರೆ ಏನು ಗಂಟು ಹೋಗುತ್ತದೆ? ಕಬ್ಸ್‌ನವರು 2023ರಲ್ಲಿ ಕ್ರೇಗ್ ಕೌನ್ಸೆಲ್‌ಗೆ ಐದು ವರ್ಷಕ್ಕೆ 4 ಕೋಟಿ ಡಾಲರ್ ಕೊಟ್ಟಿದ್ದಾರೆ. ಆಗ ಮ್ಯಾನೇಜರ್‌ಗಳಲ್ಲಿ ಅದೇ ದಾಖಲೆ. ಅಷ್ಟರಲ್ಲಿ ಒಂದು ಕುರ್ಚಿ ಹೆಚ್ಚಲ್ಲ.

ತಮ್ಮ ತಲೆ ಓಡಿಸುವ ಸ್ವಾತಂತ್ರ್ಯ ಸಿಕ್ಕರೆ ಮ್ಯಾನೇಜರ್‌ಗಳು ಭಾರಿ ಸಾಧಿಸುತ್ತಾರೆ ಅಂತ ನಾನೇನೂ ಹೇಳುತ್ತಿಲ್ಲ. ಶಿಕಾಗೊ ವೈಟ್ ಸಾಕ್ಸ್‌ಗೆ ಮಾಲೀಕರೇ ಇಷ್ಟಪಟ್ಟು 76ರ ವಯಸ್ಸಿನಲ್ಲಿ ಕರೆತಂದ ಟೋನಿ ಲರುಸಾ, 2022ರ ಜೂನ್‌ನಲ್ಲಿ, ಎರಡು ಸ್ಟ್ರೈಕ್ ಆಗಿದ್ದ ಟ್ರೇ ಟರ್ನರ್‌ನನ್ನು ಔಟ್ ಮಾಡುವ ಬದಲು ಬೇಕಂತಲೇ ಪುಕ್ಕಟೆಯಾಗಿ ಮೊದಲ ಬೇಸ್‌ಗೆ ಕಳಿಸಿದರು. ಎರಡು ಸ್ಟ್ರೈಕ್ ಆಗಿದೆ ಮಾರಾಯ್ರೆ ಅಂತ ಗ್ಯಾಲರಿಯಿಂದ ಒಬ್ಬ ಕೂಗಿದ್ದು ಟೀವಿಯಲ್ಲೂ ಕೇಳಿಸಿತು. ಮುಂದಿನ ಬ್ಯಾಟರ್ ಮಂಸಿ ಮೂರು ರನ್ನಿನ ಹೋಮ್‌ರನ್ ಹೊಡೆದ. ಚೀಟಿಯೂ ಬೇಕಿರಲಿಲ್ಲ, ಒಂದು ಫಲಕ ಸಾಕಿತ್ತು.

ಅದೇ ವಾರ ಏಂಜೆಲ್ಸ್ ತಂಡ ಸತತ 12 ಸೋತಿತ್ತು. ಮ್ಯಾನೇಜರ್ ಜೋ ಮ್ಯಾಡನ್, ಒಂದು ಕಾಲದಲ್ಲಿ ಟ್ಯಾಂಪಾದಲ್ಲಿ ಇದೇ ಲೆಕ್ಕದವರ ಕಣ್ಮಣಿ, ಹುಡುಗರ ಮನಸ್ಸು ಹಗುರವಾಗಲಿ ಅಂತ ತಲೆಯ ಎರಡೂ ಬದಿ ಬೋಳಿಸಿ ಮೊಹಾಕ್ ಕಟಿಂಗ್ ಮಾಡಿಸಿಕೊಂಡರು. ಅದನ್ನು ಅವರಿಗೆ ತೋರಿಸುವ ಮೊದಲೇ ಜೂನ್ 7ರಂದು ಕೆಲಸ ಹೋಯಿತು. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಹೊಸ ಮ್ಯಾನೇಜರ್ ಫಿಲ್ ನೆವಿನ್ ಅದೇ ರಾತ್ರಿ 13ನೆಯದನ್ನು ಸೋತರು, ಮರುದಿನ 14ನೆಯದು. 2023ರ ಸೀಸನ್ ಮುಗಿದ ಮೇಲೆ ಅವರೂ ಹೋದರು. ಮ್ಯಾಡನ್‌ರನ್ನು ಕಳಿಸಿದ ಜನರಲ್ ಮ್ಯಾನೇಜರ್ ಪೆರಿ ಮಿನಾಸಿಯನ್ ಮಾತ್ರ ಹಾಗೇ ಇದ್ದು, ಮುಂದಿನ ಮ್ಯಾನೇಜರ್ ಜೊತೆ ನಗುತ್ತಾ ಫೋಟೋಗೆ ನಿಂತರು. ಅವರ ತಲೆಯಿಂದ ಒಂದು ಕೂದಲೂ ಉದುರಿಲ್ಲ.